ಬಜ್ಪೆ ಏರ್‌ಪೋರ್ಟ್ ಮಾರಿ ಆಯಿತಾ? ಪಿಪಿಪಿ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆ

ಪ್ರಶ್ನೆ: ಮಂಗಳೂರಿನ ಬಜ್ಪೆ ಏರ್‌ಪೋರ್ಟ್ ಮಾರಿದರು, ಪಣಂಬೂರಿನ ಬಂದರಿನಲ್ಲಿ ಹಡಗು ನಿಲ್ಲುವ ಬರ್ತ್ ಮಾರಿದರು, ಹೈವೇಯನ್ನು ಟೋಲ್‌ನವರಿಗೆ ಬರೆದುಕೊಟ್ಟರು. ಕೇಳಿದರೆ ಪಿಪಿಪಿ, ದೇಶದ ಅಭಿವೃದ್ಧಿಗೆ ಸರ್ಕಾರ-ಖಾಸಗಿ ಸಹಭಾಗಿತ್ವ ಅನ್ನುತ್ತಾರೆ. ಎಲ್ಲ ಮಾರಿದ ಮೇಲೆ ಸರ್ಕಾರದ ಹತ್ತಿರ ಉಳಿದದ್ದಾದರೂ ಎಂತ ಸರ್?

ಉತ್ತರ: ಕಾಪುವಿನಿಂದ ಬರಲಿ, ಕಾವೂರಿನಿಂದ ಬರಲಿ, ಈ ವಿಷಯದ ಪತ್ರಗಳೆಲ್ಲ "ಮಾರಿದರು" ಅಂತಲೇ ಶುರುವಾಗುತ್ತವೆ. ಎಷ್ಟು ಸಲ ಬರೆದರೂ ಮುಂದಿನ ವಾರ ಅದೇ ಪ್ರಶ್ನೆ ತಿರುಗಿ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಮಾರಿಲ್ಲ. ಬಜ್ಪೆಯನ್ನು ಮಾರಿಲ್ಲ, ಬರ್ತನ್ನು ಮಾರಿಲ್ಲ, ಹೈವೇಯನ್ನೂ ಮಾರಿಲ್ಲ.

ಬಜ್ಪೆಯ ಲೆಕ್ಕವನ್ನೇ ನೋಡಿ. ನಮ್ಮ ನಿಲ್ದಾಣ ಶುರುವಾದದ್ದು 1951ರಲ್ಲಿ. 2019ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರು ನಿಲ್ದಾಣಗಳ ನಿರ್ವಹಣೆಗೆ ಬಂದ ಬಿಡ್‌ಗಳನ್ನು ತೆರೆಯಿತು: ಅಹಮದಾಬಾದ್, ಜೈಪುರ, ಲಖನೌ, ಗುವಾಹಟಿ, ತಿರುವನಂತಪುರ ಮತ್ತು ಮಂಗಳೂರು. ಆರರಲ್ಲೂ ಅದಾನಿ ಸಂಸ್ಥೆಯದೇ ಅತಿ ಹೆಚ್ಚಿನ ಬಿಡ್. 2020ರ ಅಕ್ಟೋಬರ್ 31ರಿಂದ ಮಂಗಳೂರು ನಿಲ್ದಾಣದ ನಿರ್ವಹಣೆ ಅವರ ಕೈಗೆ ಹೋಯಿತು. ಅವಧಿ 50 ವರ್ಷ. ಅಂದರೆ 2070ರ ತನಕ. ಜಾಗ ಮಾತ್ರ ಈಗಲೂ ವಿಮಾನ ನಿಲ್ದಾಣ ಪ್ರಾಧಿಕಾರದ್ದೇ. ನಿಲ್ದಾಣ ಇರುವ ಕೆಂಜಾರಿನ ಒಂದು ಸೆಂಟ್ಸ್ ಜಾಗವನ್ನೂ ಕಂಪನಿ ಇನ್ನೊಬ್ಬರಿಗೆ ಮಾರುವಂತಿಲ್ಲ. ಅವಧಿ ಮುಗಿದ ದಿನ ಟರ್ಮಿನಲ್, ರನ್‌ವೇ ಎಲ್ಲ ಪ್ರಾಧಿಕಾರಕ್ಕೆ ವಾಪಸ್ ಬರಬೇಕು.

ಈಗ ನೀವೇ ಹೇಳಿ. ಜಾಗ ಮಾರಿದವನಿಗೆ ಆಮೇಲೆ ವರ್ಷ ವರ್ಷ ಹಣ ಬರುತ್ತದಾ? ಇಲ್ಲಿ ಬರುತ್ತದೆ. ಕಂಪನಿ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಪ್ರಾಧಿಕಾರಕ್ಕೆ ದುಡ್ಡು ಕಟ್ಟಬೇಕು. ಮಂಗಳೂರಿಗೆ ಅವರು ಬಿಡ್ ಹಾಕಿದ ಮೊತ್ತ, ದೇಶದೊಳಗೆ ಹಾರುವ ಒಬ್ಬ ಪ್ರಯಾಣಿಕನಿಗೆ 115 ರೂಪಾಯಿ. ಜಾಗ ಮಾರಿದವನು ಕೊಂಡವನ ಅಂಗಳಕ್ಕೆ ಹೋಗಿ "ನೀನು ಜನರಿಂದ ಇಷ್ಟೇ ವಸೂಲಿ ಮಾಡಬೇಕು" ಅನ್ನಲು ಆಗುತ್ತದಾ? ಇಲ್ಲಿ ಆಗುತ್ತದೆ. ನಿಮ್ಮ ಟಿಕೆಟಿನಲ್ಲಿ ಯೂಸರ್ ಫೀ ಅಂತ ಒಂದು ಸಾಲು ಇರುತ್ತದಲ್ಲ, ಅದು ಎಷ್ಟಿರಬೇಕು ಅಂತ ಹೇಳುವುದು ಕಂಪನಿ ಅಲ್ಲ, 2008ರ ಕಾಯ್ದೆಯ ಕೆಳಗೆ ಬಂದ ಏರಾ ಎಂಬ ನಿಯಂತ್ರಣ ಪ್ರಾಧಿಕಾರ. ಆಕಾಶದಲ್ಲಿ ವಿಮಾನಕ್ಕೆ ದಾರಿ ಹೇಳುವವರು ವಿಮಾನ ನಿಲ್ದಾಣ ಪ್ರಾಧಿಕಾರದವರು. ಭದ್ರತೆ ಕೇಂದ್ರದ ಪಡೆಯಾದ ಸಿಐಎಸ್‌ಎಫ್‌ನದು. ಇಮಿಗ್ರೇಶನ್ ಮತ್ತು ಕಸ್ಟಮ್ಸ್ ಸರ್ಕಾರದ್ದು. ಟರ್ಮಿನಲ್ ನಡೆಸುವುದು, ಬೇಕಾದಾಗ ಬೆಳೆಸುವುದು, ಅದಕ್ಕೆ ಬಂಡವಾಳ ಹಾಕುವುದು, ಆ ದುಡ್ಡನ್ನು ಅವಧಿಯೊಳಗೆ ದುಡಿದುಕೊಳ್ಳುವುದು, ಇಷ್ಟು ಕಂಪನಿಗೆ ಸಿಕ್ಕಿದ ಕೆಲಸ.

ಇಷ್ಟು ಹೇಳಿದ ಕೂಡಲೇ ಬರುವ ಮಾತು ನನಗೆ ಗೊತ್ತು. "ಗೇಣಿಗೆ ಕೊಟ್ಟ ಜಾಗ ನಮ್ಮ ಜಿಲ್ಲೆಯಲ್ಲಿ ಯಾರಿಗೆ ವಾಪಸ್ ಬಂದಿದೆ ಮಾರಾಯ್ರೆ?" ಎಷ್ಟೋ ಹಿರಿಯರು ಇದನ್ನೇ ಕೇಳಿದ್ದಾರೆ. ನಾನು ಇದನ್ನು ತಳ್ಳಿಹಾಕುವುದಿಲ್ಲ. ಈ ಹೆದರಿಕೆಗೆ ಬೇರು ಇದೆ. ಚಾಲಗೇಣಿಗೆ ಕೊಟ್ಟ ಗದ್ದೆ-ತೋಟ ಒಕ್ಕಲಿನವರ ಹೆಸರಿಗೆ ಹೋದದ್ದನ್ನು ಇಲ್ಲಿನ ಮನೆ ಮನೆಯವರು ಕಂಡಿದ್ದಾರೆ. ಪಡೆದವರಿಗೂ ಕಳೆದುಕೊಂಡವರಿಗೂ ಅದು ಇನ್ನೂ ನೆನಪಿದೆ. ಆದರೆ ಅದು ಗೇಣಿ ಚೀಟಿಯ ದೆಸೆಯಿಂದ ಆದದ್ದಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಆದದ್ದು. ವಿಧಾನಸಭೆ ಕಾನೂನು ಮಾಡಿತು. ಗೇಣಿಯ ಜಾಗ ಮೊದಲು ಸರ್ಕಾರಕ್ಕೆ ಸೇರಿತು. ಉಳುವವರು ಡಿಕ್ಲರೇಶನ್ (ಹಕ್ಕು ಕೇಳುವ ಅರ್ಜಿ) ಕೊಟ್ಟರು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಟ್ಟಿತು. ಆ ಕಾನೂನು ಉಳುವವನಿಗಾಗಿ ಮಾಡಿದ್ದು, ಅದು ನ್ಯಾಯವೇ ಆಗಿತ್ತು. ಸರ್ಕಾರದ ಏರ್‌ಪೋರ್ಟನ್ನು 50 ವರ್ಷಕ್ಕೆ ನಡೆಸಲು ತೆಗೆದುಕೊಂಡ ಕಂಪನಿಗೆ ಡಿಕ್ಲರೇಶನ್ ಕೊಡಲು ಅಂಥ ಯಾವ ಕಾನೂನೂ ಇಲ್ಲ. ಮುಂದೆ ಯಾವುದಾದರೂ ಸರ್ಕಾರಕ್ಕೆ ಮಾಡಬೇಕು ಅನ್ನಿಸಿದರೆ ಸಂಸತ್ತಿನಲ್ಲಿ ಎಲ್ಲರ ಎದುರು ಮಾಡಬೇಕು. ಒಪ್ಪಂದದೊಳಗೆ ಕದ್ದುಮುಚ್ಚಿ ಆಗುವ ಕೆಲಸ ಅಲ್ಲ ಅದು.

ಇನ್ನೊಂದು ಮಾತು: "50 ವರ್ಷ ಅಂದ್ರೆ ಮಾರಿದ ಹಾಗೇ ಅಲ್ವಾ?" ಇದರಲ್ಲಿ ಅರ್ಧ ನಿಜ ಇದೆ. ಇವತ್ತು ನಲ್ವತ್ತು ದಾಟಿದವರಲ್ಲಿ ಹೆಚ್ಚಿನವರು ಆ ಅವಧಿ ಮುಗಿಯುವುದನ್ನು ನೋಡಲಿಕ್ಕಿಲ್ಲ. ಅಷ್ಟು ಉದ್ದದ ಒಪ್ಪಂದದಲ್ಲಿ ಒಂದು ಸಾಲು ತಪ್ಪಾದರೆ ಎರಡು ತಲೆಮಾರು ಅದರ ಜತೆ ಬದುಕಬೇಕು. ಅದಕ್ಕೇ ನಾನು ಹೇಳುವುದು, ಮಾರಿದರು ಮಾರಿದರು ಅಂತ ಸುಮ್ನೆ ಕೂಗಿದರೆ ನೋಡಬೇಕಾದ ಸಾಲು ಕಣ್ಣಿಗೆ ಬೀಳುವುದಿಲ್ಲ. ಬೊಬ್ಬೆ ಹೊಡೆಯುವವರಲ್ಲಿ ಒಪ್ಪಂದ ಓದಿದವರು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಓದಿದರೆ ಏನು ಸಿಗುತ್ತದೆ? ಒಂದು ಉದಾಹರಣೆ. ದಿಲ್ಲಿ ಮತ್ತು ಮುಂಬಯಿ ನಿಲ್ದಾಣಗಳನ್ನು 2006ರಲ್ಲಿ ಖಾಸಗಿಯವರಿಗೆ ಕೊಡುವಾಗ ಸರ್ಕಾರ ಆದಾಯದಲ್ಲಿ ಪಾಲು ಕೇಳಿತ್ತು. ದಿಲ್ಲಿಯಲ್ಲಿ ಶೇ 45.99, ಮುಂಬಯಿಯಲ್ಲಿ ಶೇ 38.7. ಮೇಲಿಂದ ಆ ಎರಡು ಕಂಪನಿಗಳಲ್ಲಿ ಪ್ರಾಧಿಕಾರಕ್ಕೆ ಶೇ 26 ಷೇರು. ಮಂಗಳೂರಿನ ಸರದಿ ಬರುವಾಗ ಪದ್ಧತಿ ಬದಲಾಯಿತು. ಷೇರೂ ಇಲ್ಲ, ಆದಾಯದಲ್ಲಿ ಪಾಲೂ ಇಲ್ಲ, ತಲೆಗೆ ಇಷ್ಟು ಅಂತ ದುಡ್ಡು. ಇದರ ಪರಿಣಾಮ ಯೋಚಿಸಿ. ಪಾರ್ಕಿಂಗ್, ಅಂಗಡಿ, ಚಹಾ-ತಿಂಡಿಯ ದರವನ್ನು ಏರಾ ನಿಗದಿ ಮಾಡುವುದಿಲ್ಲ. ಪಾರ್ಕಿಂಗ್ ದರ ಏರಿದರೆ ದಿಲ್ಲಿಯಲ್ಲಿ ಪ್ರಾಧಿಕಾರದ ಪಾಲೂ ಏರುತ್ತದೆ. ಮಂಗಳೂರಿನಲ್ಲಿ ಪಾರ್ಕಿಂಗ್ ಎಷ್ಟೇ ಆದರೂ ಪ್ರಾಧಿಕಾರಕ್ಕೆ ಬರುವುದು ತಲೆ ಲೆಕ್ಕದ ದುಡ್ಡೇ. ಕಂಪನಿಗೆ ಅಂಗಡಿ-ಪಾರ್ಕಿಂಗ್ ಆದಾಯ ಕಮ್ಮಿಯಾದ ವರ್ಷ ಇದೇ ಪದ್ಧತಿ ಸರ್ಕಾರಕ್ಕೆ ಲಾಭ, ಏಕೆಂದರೆ ತಲೆ ಲೆಕ್ಕದ ದುಡ್ಡು ಅದರಿಂದ ಇಳಿಯುವುದಿಲ್ಲ. ಮೇಲಿಂದ ಕಂಪನಿಯ ಪುಸ್ತಕ ಕೆದಕದೆ ತಲೆ ಎಣಿಸಿದರೆ ಸಾಕು. ಯಾವುದು ಒಳ್ಳೆಯದು ಅಂತ ಜಗಳ ಮಾಡಿ, ಅದು ಅರ್ಥ ಇರುವ ಜಗಳ.

ಇಷ್ಟಾದ ಮೇಲೂ ಪಿಪಿಪಿ ಎಂದರೆ ಮಾರಾಟ ಅನ್ನುವವರು ತಮ್ಮ ಕಪಾಟಿನಲ್ಲಿರುವ ಪಾಸ್‌ಪೋರ್ಟ್ ತೆಗೆದು ನೋಡಬೇಕು. ಗಲ್ಫಿಗೆ ಹೋದವರಿಲ್ಲದ ಬೀದಿ ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಯಲ್ಲಿ ಇದೆಯಾ? 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಪ್ರಾಯೋಗಿಕವಾಗಿ ಶುರುವಾದಾಗ ಮೊದಲ ಕೆಲವೇ ಕೇಂದ್ರಗಳಲ್ಲಿ ಮಂಗಳೂರಿನದೂ ಒಂದು. ಅಲ್ಲಿ ಮೊದಲ ಕೌಂಟರಿನಲ್ಲಿ ನಿಮ್ಮ ಕಾಗದ, ಫೋಟೊ, ಬೆರಳಚ್ಚು ತೆಗೆದುಕೊಳ್ಳುವವರು ಟಾಟಾ ಗುಂಪಿನ ಟಿಸಿಎಸ್ ಕಂಪನಿಯವರು. ಮುಂದಿನ ಎರಡು ಕೌಂಟರಿನಲ್ಲಿ ಪರಿಶೀಲನೆ ಮಾಡಿ ಪಾಸ್‌ಪೋರ್ಟ್ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವವರು ಸರ್ಕಾರಿ ಅಧಿಕಾರಿಗಳು. ಮನೆಗೆ ವಿಚಾರಣೆಗೆ ಬರುವವರು ಪೊಲೀಸರು. ಇದೂ ಪಿಪಿಪಿಯೇ. ದೇಶದ ಪಾಸ್‌ಪೋರ್ಟನ್ನು ಟಾಟಾದವರಿಗೆ ಮಾರಿದರು ಅಂತ ಒಬ್ಬರೂ ಈ ತನಕ ನನಗೆ ಬರೆದಿಲ್ಲ.

ಬರ್ತ್ ವಿಷಯ ಚಿಕ್ಕದು. ನವಮಂಗಳೂರು ಬಂದರಿನ 14ನೇ ಬರ್ತನ್ನು ಕಂಟೇನರ್ ಟರ್ಮಿನಲ್ ಆಗಿ ನಡೆಸಲು ಜೆಎಸ್‌ಡಬ್ಲ್ಯು ಕಂಪನಿಗೆ 30 ವರ್ಷಕ್ಕೆ ಕೊಡಲಾಗಿದೆ. ಕ್ರೇನ್ ಮತ್ತು ಯಂತ್ರ ಅವರದು, ನೀರು ಮತ್ತು ನೆಲ ಬಂದರಿನದು. ಬೇರೆ ದೊಡ್ಡ ಬಂದರುಗಳಲ್ಲೂ ಇದೇ ರೀತಿ. ಅದರ ಪಕ್ಕದ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕದ ಕಥೆ ಕೇಳಿದರೆ ನಿಮ್ಮ ಪ್ರಶ್ನೆ ತಿರುವುಮುರುವಾಗುತ್ತದೆ. 1988ರಲ್ಲಿ ಸರ್ಕಾರಿ ಕಂಪನಿ ಎಚ್‌ಪಿಸಿಎಲ್ ಮತ್ತು ಬಿರ್ಲಾ ಗುಂಪು ಸೇರಿ ಶುರು ಮಾಡಿದ್ದು. 2003ರಲ್ಲಿ ಬಿರ್ಲಾ ಪಾಲನ್ನು ಇನ್ನೊಂದು ಸರ್ಕಾರಿ ಕಂಪನಿ ಒಎನ್‌ಜಿಸಿ ಕೊಂಡಿತು. ಅಂದರೆ ಇಲ್ಲಿ ಖಾಸಗಿ ಕೈಯಿಂದ ಸರ್ಕಾರಿ ಕೈಗೆ ಬಂತು.

ಹೈವೇ ಬಗ್ಗೆ ಸ್ವಲ್ಪ ನಿಲ್ಲಬೇಕು. ಇಲ್ಲಿ ಗೊಂದಲ ಜಾಸ್ತಿ. ತಲಪಾಡಿ, ಹೆಜಮಾಡಿ, ಸಾಸ್ತಾನ ಟೋಲ್‌ಗಳು ನವಯುಗ ಕಂಪನಿಯ ಜತೆ ಆದ ಒಪ್ಪಂದದವು. ಅವರು ದುಡ್ಡು ಹಾಕಿ ರಸ್ತೆ ಮಾಡಬೇಕು, ನೋಡಿಕೊಳ್ಳಬೇಕು, ಟೋಲಿನಿಂದ ವಾಪಸ್ ದುಡಿಯಬೇಕು. ಗಾಡಿ ಕಮ್ಮಿ ಬಂದರೆ ನಷ್ಟ ಅವರಿಗೆ. ಆದರೆ ಮಧ್ಯದಲ್ಲಿ ನಂತೂರಿನಿಂದ ಸುರತ್ಕಲ್ ತನಕದ ತುಂಡು ಆ ಒಪ್ಪಂದದಲ್ಲೇ ಇರಲಿಲ್ಲ. ಅದನ್ನು ಬಂದರಿಗೆ ಸಂಪರ್ಕ ಕೊಡುವ ಯೋಜನೆಯಲ್ಲಿ ಹೆದ್ದಾರಿ ಪ್ರಾಧಿಕಾರವೇ ಬಂದರಿನ ಜತೆ ಸೇರಿ ಮಾಡಿದ್ದು. ಜನ ಹೋರಾಡಿ 2022ರ ಡಿಸೆಂಬರ್ 1ರಿಂದ ನಿಲ್ಲಿಸಿದ ಸುರತ್ಕಲ್ ಟೋಲ್ ಅದರದ್ದು. ವಸೂಲಿಗೆ ಗುತ್ತಿಗೆದಾರ ಇದ್ದನಷ್ಟೆ, ಟೋಲ್ ಸರ್ಕಾರದ ಕಡೆಯದ್ದೇ. ಆ ಹೋರಾಟ ಸರಿಯಾಗಿತ್ತು. ಆದರೆ "ಖಾಸಗಿಯವರ ಟೋಲ್ ಓಡಿಸಿದೆವು" ಅನ್ನುವವರಿಗೆ ತಾವು ಯಾರ ವಿರುದ್ಧ ಹೋರಾಡಿದ್ದು ಅಂತ ಇನ್ನೂ ಗೊತ್ತಿಲ್ಲ.

ಖಾಸಗಿ ಟೋಲಿನ ಕಡೆ ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಪಂಪ್‌ವೆಲ್ ಫ್ಲೈಓವರ್, ಅದೂ ನವಯುಗದ ಒಪ್ಪಂದದ್ದೇ, ತೆರೆದದ್ದು 2020ರ ಜನವರಿ ಕೊನೆಗೆ. ತಲಪಾಡಿಯಲ್ಲಿ ಟೋಲ್ ಅದಕ್ಕೆ ಮೊದಲೇ ಶುರುವಾಗಿತ್ತು. ಅದು ಹೇಗೆ? ಇಂಥ ಒಪ್ಪಂದಗಳಲ್ಲಿ ನಿಗದಿತ ಭಾಗದ ಕೆಲಸ ಮುಗಿದರೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುವ ಕಲಮು ಇರುತ್ತದೆ. ಸರ್ಟಿಫಿಕೇಟ್ ಸಿಕ್ಕಿದರೆ ಟೋಲ್ ತೆಗೆದುಕೊಳ್ಳಬಹುದು. ಉಳಿದ ಕೆಲಸ ಒಂದು ಪಟ್ಟಿಯಲ್ಲಿ ಹೋಗುತ್ತದೆ. ಪಂಪ್‌ವೆಲ್‌ನಲ್ಲಿ ಬ್ಲಾಕ್ ಆಗಿ ನಿಂತ ನಮಗೆಲ್ಲ ಕಾಟ ಕೊಟ್ಟದ್ದು ಈ ಕಲಮು.

ಹಾಗಾದರೆ ಸಹಭಾಗಿತ್ವ ಎಲ್ಲಿ ಸರಿಯಾಗಿ ನಡೆದಿದೆ? ದೂರ ಹೋಗಬೇಡಿ, ಹಂಪನಕಟ್ಟೆಗೆ ಬನ್ನಿ. ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ. ಟಿ.ಎಂ.ಎ. ಪೈಯವರು 1953ರಲ್ಲಿ ಕೆಎಂಸಿ ಮೆಡಿಕಲ್ ಕಾಲೇಜು ಶುರು ಮಾಡಿದಾಗ ವೈದ್ಯ ವಿದ್ಯಾರ್ಥಿಗಳಿಗೆ ರೋಗಿಗಳ ಬಳಿ ಕಲಿಯಲು ದೊಡ್ಡ ಆಸ್ಪತ್ರೆ ಬೇಕಿತ್ತು. ಸರ್ಕಾರಕ್ಕೆ ಡಾಕ್ಟರುಗಳು ಬೇಕಿತ್ತು. ಮಣಿಪಾಲದಲ್ಲಿ ಪಾಠ, ಮಂಗಳೂರಿನ ವೆನ್‌ಲಾಕ್‌ನಲ್ಲಿ ಕ್ಲಿನಿಕಲ್ ತರಬೇತಿ. ಹೆರಿಗೆಗೆ ಲೇಡಿಗೋಶನ್ ಕೂಡ ಸೇರಿತು. ಪಿಪಿಪಿ ಅನ್ನುವ ಹೆಸರು ಬರುವ ಎಷ್ಟೋ ವರ್ಷ ಮೊದಲೇ ಈ ಊರು ಅದನ್ನು ಮಾಡಿ ತೋರಿಸಿದೆ. ಸುತ್ತಲಿನ ಜಿಲ್ಲೆಗಳಿಂದ, ಕಾಸರಗೋಡಿನಿಂದ ಬರುವ ಬಡವರಿಗೆ ಕಾಲೇಜಿನ ತಜ್ಞರು ಸರ್ಕಾರಿ ಹಾಸಿಗೆಯಲ್ಲೇ ಸಿಕ್ಕಿದರು. ನನಗೆ ಇದರ ಬಗ್ಗೆ ಹೆಮ್ಮೆ ಇದೆ. ಅದು ನಡೆದದ್ದು ಇಬ್ಬರಿಗೂ ಒಬ್ಬರ ಹತ್ತಿರ ಇಲ್ಲದ್ದು ಇನ್ನೊಬ್ಬರ ಹತ್ತಿರ ಇದ್ದದ್ದರಿಂದ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಆದರೂ ಬರೆಯುತ್ತೇನೆ. ಖಾಸಗಿಯವರು ಅರ್ಧದಲ್ಲಿ ಕೈಬಿಟ್ಟರೆ?

ಉಡುಪಿಯವರು ಇದನ್ನು ಕಂಡಿದ್ದಾರೆ. 1906ರಲ್ಲಿ ಕಾರ್ಪೊರೇಶನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ಜಾಗದಲ್ಲಿ ಸರ್ಕಾರಿ ತಾಯಿ-ಮಕ್ಕಳ ಆಸ್ಪತ್ರೆ ಇತ್ತು. ಖಾಸಗಿಯವರ ಜತೆ ಒಪ್ಪಂದವಾಗಿ 2017ರಲ್ಲಿ 200 ಹಾಸಿಗೆಯ ಹೊಸ ಕಟ್ಟಡ ತೆರೆಯಿತು. ಚಿಕಿತ್ಸೆ ಉಚಿತ. ಕಟ್ಟಡ ಚೆನ್ನಾಗಿತ್ತು, ಜನ ಸಂತೋಷದಿಂದ ಹೋದರು. ಆಮೇಲೆ ನಡೆಸುತ್ತಿದ್ದ ಸಂಸ್ಥೆಯ ಹಣಕಾಸು ಕುಸಿಯಿತು. ಸಿಬ್ಬಂದಿ ಸಂಬಳಕ್ಕಾಗಿ ಧರಣಿ ಕೂತರು. ಕೊನೆಗೆ ಸರ್ಕಾರವೇ ಆಸ್ಪತ್ರೆಯನ್ನು ವಹಿಸಿಕೊಳ್ಳಬೇಕಾಯಿತು. ಹೆರಿಗೆ ನೋವು ಬಂದವರಿಗೆ "ಒಪ್ಪಂದ ಸರಿಯಾದ ಮೇಲೆ ಬನ್ನಿ" ಅನ್ನಲು ಆಗುವುದಿಲ್ಲವಲ್ಲ. ರಸ್ತೆ ನಿಂತರೆ ಸುತ್ತು ಹಾಕಿ ಹೋಗಬಹುದು. ಆಸ್ಪತ್ರೆಗೆ ಸುತ್ತುದಾರಿ ಇಲ್ಲ. ಹಾಗಾಗಿ ಆಸ್ಪತ್ರೆಯ ಒಪ್ಪಂದದಲ್ಲಿ ನಾನು ಮೊದಲು ಹುಡುಕುವುದು ಎರಡು ಸಂಗತಿ: ಬಿಟ್ಟುಹೋದರೆ ಜಪ್ತಿ ಮಾಡಲು ಎಷ್ಟು ಠೇವಣಿ ಇದೆ, ಮರುದಿನ ಬೆಳಿಗ್ಗೆ ನರ್ಸುಗಳಿಗೆ ಸಂಬಳ ಕೊಡುವವರು ಯಾರು.

ಇದನ್ನೆಲ್ಲ ಎಲ್ಲಿ ನೋಡುವುದು ಅಂತ ಕೇಳುತ್ತೀರಿ. ವಿಮಾನ ನಿಲ್ದಾಣ ಪ್ರಾಧಿಕಾರ, ಹೆದ್ದಾರಿ ಪ್ರಾಧಿಕಾರ, ನವಮಂಗಳೂರು ಬಂದರು ಮೂರೂ ಮಾಹಿತಿ ಹಕ್ಕಿನ ಕೆಳಗೆ ಬರುತ್ತವೆ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕಂಪನಿಗೆ ಅರ್ಜಿ ಹಾಕಬೇಡಿ, ಒಪ್ಪಂದದ ಇನ್ನೊಂದು ಕಡೆ ಇರುವ ಸರ್ಕಾರಿ ಸಂಸ್ಥೆಗೆ ಹಾಕಿ. "ಯಾಕೆ ಹೀಗೆ ಮಾಡಿದಿರಿ" ಅಂತ ಬರೆಯಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆಯ ಹೆಸರು ಹೇಳಿ ಕೇಳಿ: ಒಪ್ಪಂದದ ಪ್ರತಿ ಅನುಬಂಧಗಳ ಸಮೇತ, ತಾತ್ಕಾಲಿಕ ಸರ್ಟಿಫಿಕೇಟಿನ ಪ್ರತಿ, ಉಳಿದ ಕೆಲಸಗಳ ಪಟ್ಟಿ, ರಸ್ತೆಯಾದರೆ ಸ್ವತಂತ್ರ ಎಂಜಿನಿಯರ್ ಕೊಟ್ಟ ವರದಿಗಳು. ವ್ಯಾಪಾರದ ಗುಟ್ಟು ಅಂತ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕಲಮು ತೋರಿಸಿ ವಾಪಸ್ ಕಳಿಸಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅಂತ ಅದೇ ಕಲಮಿನಲ್ಲಿ ಇದೆ. ಅದನ್ನೇ ಬರೆದು 30 ದಿನದೊಳಗೆ ಮೇಲ್ಮನವಿ ಹಾಕಿ. ಕಾಗದ ಕೈಗೆ ಬಂದು ಅರ್ಥವಾಗದಿದ್ದರೆ ಆ ಪುಟದ ಫೋಟೊ ನನಗೆ ಕಳಿಸಿ, ಸಾಲು ಸಾಲು ಬಿಡಿಸಿ ಬರೆಯುತ್ತೇನೆ.