ಮಾನಸಿಕ ಕಾಯಿಲೆಯ ಮಾತ್ರೆ: ಜ್ವರದ ಜೊತೆ ಮೈ ಬಿಗಿದರೆ ತಡ ಮಾಡಬೇಡಿ

ಹ್ಯಾಲೊಪೆರಿಡಾಲ್, ರಿಸ್ಪೆರಿಡಾನ್, ಒಲಾಂಜಪಿನ್‌ನಂಥ ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಮೊದಲ ಎರಡು ವಾರ ಮನೆಯವರು ರೋಗಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. ಮಂಪರು, ಬಾಯಿ ಒಣಗುವುದು, ಹಸಿವು ಹೆಚ್ಚುವುದು ಇವನ್ನೆಲ್ಲ ಮುಂದಿನ ಭೇಟಿಯಲ್ಲಿ ಹೇಳಿದರೂ ನಡೆಯುತ್ತದೆ. ಜ್ವರದ ಜೊತೆ ಮೈ ಬಿಗಿದರೆ ಮಾತ್ರ ಮರುದಿನಕ್ಕೆ ಬಿಡುವಂತಿಲ್ಲ.

ಈ ಮಾತ್ರೆಗಳಿಂದಲೇ ಜ್ವರದ ಜೊತೆ ಮೈ ಬಿಗಿಯುವ ಈ ತೊಂದರೆಗೆ ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಎನ್ನುತ್ತಾರೆ. ಅಪರೂಪ, ಆದರೆ ಜೀವ ತೆಗೆಯಬಲ್ಲದು. ರೋಗಿ ಮಾತು ಬಿಡುತ್ತಾನೆ, ತುತ್ತು ಬಾಯಿಗಿಟ್ಟರೂ ನುಂಗುವುದಿಲ್ಲ, ಕರೆದರೆ ಸರಿಯಾಗಿ ಓಗೊಡುವುದಿಲ್ಲ. ಕಾಯಿಲೆಯೇ ಕೆರಳಿತು ಎಂದುಕೊಂಡು ಮನೆಯವರು ಇನ್ನೊಂದು ಮಾತ್ರೆ ಕೊಡುತ್ತಾರೆ. ದೊಡ್ಡ ಅನಾಹುತ ಆಗುವುದೇ ಇಲ್ಲಿ.

ಮನೆಯಲ್ಲೇ ನೋಡಿ: ಅವರ ಮೊಣಕೈಯನ್ನು ಹಿಡಿದು ನಿಧಾನವಾಗಿ ಮಡಚಿ, ಬಿಡಿಸಿ. ಮಾಮೂಲಿ ಜ್ವರದಲ್ಲಿ ಕೈ ಸಡಿಲವಾಗಿರುತ್ತದೆ. ಇಲ್ಲಿ ಸೀಸದ ಕೊಳವೆ ಬಗ್ಗಿಸಿದಂತೆ ಉದ್ದಕ್ಕೂ ಒಂದೇ ಬಿಗಿ. ಬೆವರು ಧಾರಾಕಾರ, ನಾಡಿ ಓಟ, ಬಿಪಿ ಏರುಪೇರು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆ ಬಿದ್ದು ಸ್ನಾಯು ಬಿಗಿಯುತ್ತದೆ, ಆ ಬಿಗಿತವೇ ಮೈ ಕಾಯಿಸುತ್ತದೆ. ಪ್ಯಾರಸಿಟಮಾಲ್ ನಂಬಿ ಕೂರಬಾರದು. ಒಡೆದ ಸ್ನಾಯುವಿನ ಅಂಶ ಕಿಡ್ನಿಗೆ ಹೋಗಿ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಬಹುದು.

ಮುಂದಿನ ಡೋಸ್ ಕೊಡಬೇಡಿ. 108ಕ್ಕೆ ಕರೆಮಾಡಿ, ಐಸಿಯು ಇರುವ ಆಸ್ಪತ್ರೆಗೆ ಹೋಗಿ. ಮಾತ್ರೆಯ ಎಲ್ಲ ಸ್ಟ್ರಿಪ್ ಜೊತೆಗಿರಲಿ. ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಆಗಿದ್ದರೆ ಯಾವ ತಾರೀಕಿಗೆ ಹಾಕಿಸಿದಿರಿ ಎಂದು ಮೊದಲೇ ಹೇಳಿ. ಆ ಔಷಧಿ ವಾರಗಟ್ಟಲೆ ಮೈಯಲ್ಲಿರುತ್ತದೆ. ಸ್ನಾಯುವಿಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಲು ಸಿಪಿಕೆ ರಕ್ತಪರೀಕ್ಷೆ ಮಾಡುತ್ತಾರೆ.

ಇನ್ನೊಂದು ತೊಂದರೆ ಡಿಸ್ಟೋನಿಯಾ. ಇಂಜೆಕ್ಷನ್ ಆದ ಕೆಲವೇ ಗಂಟೆಗಳಲ್ಲಿ, ಅದರಲ್ಲೂ ಹರೆಯದ ಹುಡುಗರಲ್ಲಿ, ಕತ್ತು ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಚಾಚುತ್ತದೆ. ಮೈಮೇಲೆ ಬಂದಿದೆ ಎಂದು ದೇವಸ್ಥಾನಕ್ಕೆ ಕರೆದೊಯ್ದವರುಂಟು. ಪ್ರಜ್ಞೆ ಪೂರ್ತಿ ಇರುವುದರಿಂದ ರೋಗಿಗೆ ಭಾರೀ ಭಯ, ನೋವು. ಆಸ್ಪತ್ರೆಯಲ್ಲಿ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಗಂಟಲು ಬಿಗಿದು ಉಸಿರಾಟದಲ್ಲಿ ಸದ್ದು ಬಂದರೆ ಒಂದು ನಿಮಿಷವೂ ಕಾಯಬಾರದು.

ಕ್ಲೋಜಪಿನ್ ತೆಗೆದುಕೊಳ್ಳುವವರ ಲೆಕ್ಕವೇ ಬೇರೆ. ಬಿಳಿರಕ್ತಕಣ ಕುಸಿಯಬಹುದಾದ್ದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಾರೆ. ಈ ಮಾತ್ರೆಯ ಮೇಲಿರುವಾಗ ಗಂಟಲುನೋವು, ಜ್ವರ ಬಂದರೆ ಅಂದೇ ರಕ್ತಪರೀಕ್ಷೆ ಆಗಬೇಕು. ಮಲಬದ್ಧತೆಯನ್ನೂ ಹಗುರವಾಗಿ ಕಾಣಬೇಡಿ: ಹೊಟ್ಟೆ ಉಬ್ಬಿ, ನೋವು, ವಾಂತಿ ಶುರುವಾದರೆ ಕರುಳಿನ ಚಲನೆಯೇ ನಿಂತಿರಬಹುದು.

ಬಿಗಿತ-ಜ್ವರದಿಂದ ಚೇತರಿಸಿಕೊಂಡ ಮೇಲೆ ಹಳೆಯ ಸ್ಟ್ರಿಪ್ಪನ್ನೇ ಮತ್ತೆ ಶುರುಮಾಡಬೇಡಿ. ವೈದ್ಯರು ಕನಿಷ್ಠ ಎರಡು ವಾರ ಬಿಟ್ಟು, ಸಾಮಾನ್ಯವಾಗಿ ಬೇರೆ ಔಷಧಿಯನ್ನು ಕಡಿಮೆ ಡೋಸಿನಿಂದ ಆರಂಭಿಸುತ್ತಾರೆ.