‘ಆಗಿಲ್ಲ ಎಂದರೆ ಅದೇನಾ?’: ಹದಿಹರೆಯದ ಗರ್ಭಧಾರಣೆಯ ಅರಿವು ಕುರಿತು ಒಂದು ಟಿಪ್ಪಣಿ

ಸಮುದಾಯ ಆರೋಗ್ಯ ಶುಶ್ರೂಷೆ ಓದುತ್ತಿರುವ ಜೊತೆಗಾರರಿಗೆ ಇದು. ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ‘ಹದಿಹರೆಯದವರ ಅರಿವಿನ ಮಟ್ಟ’ ಸವೆದುಹೋದ ಸಂಶೋಧನಾ ವಿಷಯ. ಪ್ರಶ್ನಾವಳಿ ಕೊಡುವುದು, ಪಾಠ ಮಾಡುವುದು, ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟು ಅಂಕ ಏರಿತೆಂದು ಬರೆಯುವುದು. ನಾನೂ ಹಾಗೆಯೇ ಹೊರಟವಳು.

ನಗರದ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯರು ಅಂಡಾಶಯ, ಗರ್ಭಾಶಯ, ಫಲೀಕರಣ ಎಲ್ಲವನ್ನೂ ಪಟಪಟನೆ ಒಪ್ಪಿಸಿದರು. ಆಮೇಲೆ ಹೆಸರು ಬರೆಯದೆ ಚೀಟಿ ಹಾಕಲು ಹೇಳಿದೆ. ನಾಲ್ಕು ಮಡಿಕೆಯ ಒಂದು ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಎರಡು ತಿಂಗಳಿಂದ ಆಗಿಲ್ಲ ಎಂದರೆ ಅದೇನಾ ಅಕ್ಕಾ?’ ಮುಟ್ಟು ಎಂಬ ಪದವೂ ಇಲ್ಲ, ಗರ್ಭ ಎಂಬ ಪದವೂ ಇಲ್ಲ. ವ್ಯಾಖ್ಯೆ ಬಲ್ಲ ತರಗತಿಗೆ ತನ್ನ ಮೈಯ ಬಗ್ಗೆ ಕೇಳಲು ಮಾತಿರಲಿಲ್ಲ. ನನ್ನ ಪ್ರಶ್ನಾವಳಿ ಅಳೆಯುತ್ತಿದ್ದುದು ನೆನಪಿನ ಶಕ್ತಿಯನ್ನು.

ಆ ಚೀಟಿಗೆ ಉತ್ತರಿಸಲು ಲೆಕ್ಕ ಬೇಕು. ಪಠ್ಯದ ಚಿತ್ರದಲ್ಲಿ ಚಕ್ರ 28 ದಿನದ್ದು, ಅಂಡ ಬಿಡುಗಡೆ 14ನೇ ದಿನ. ಆದರೆ ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಿಂದಿನ ಮುಟ್ಟಿನಿಂದ ಎಣಿಸಿದರೆ ಹೊಂದುವುದಿಲ್ಲ. ಚಕ್ರ 45 ದಿನದ್ದಾದರೆ ಅದು 31ನೇ ದಿನದ ಆಸುಪಾಸು. ದೊಡ್ಡವಳಾದ ಮೊದಲ ಒಂದೆರಡು ವರ್ಷ ಚಕ್ರ ಹೀಗೆ ಏರುಪೇರಾಗುವುದು ಸಾಮಾನ್ಯ, ಹಾಗಾಗಿ ‘ಸುರಕ್ಷಿತ ದಿನ’ಗಳ ಲೆಕ್ಕ ಈ ವಯಸ್ಸಿಗೆ ನಡೆಯದು. ವೀರ್ಯಾಣು ಐದು ದಿನದವರೆಗೂ ಬದುಕಿರಬಲ್ಲದು. ಮೊದಲ ಮುಟ್ಟಿಗೂ ಮುನ್ನವೇ ಅಂಡ ಬಿಡುಗಡೆಯಾಗುವುದೂ ಉಂಟು. ಚಿಗಳಿ ಕೊಟ್ಟು ಆರತಿ ಎತ್ತಿದ ದಿನದಿಂದ ಮಾತ್ರ ಎಚ್ಚರ ಶುರು ಎಂದುಕೊಂಡ ಅಮ್ಮಂದಿರಿಗೆ ಇದು ಹೊಸ ಸುದ್ದಿ.

ಎರಡು ತಿಂಗಳು ಆಗಿಲ್ಲ ಎಂದರೆ ‘ಅದೇ’ ಆಗಿರಬೇಕೆಂದಿಲ್ಲ. ಆದರೆ ಲೈಂಗಿಕ ಸಂಪರ್ಕ ನಡೆದಿದ್ದರೆ ಊಹೆಗೆ ಬಿಡದೆ ಮೂತ್ರ ಪರೀಕ್ಷೆ ಮಾಡಿಸಬೇಕು. ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಜೂನ್ 1ರಂದು ಮುಟ್ಟಾದವಳು ಜುಲೈ 6ರಂದು ಪರೀಕ್ಷಿಸಿಕೊಂಡರೆ ಆಗಲೇ ಐದು ವಾರ. ‘ಮೂರು ವಾರದ ಹಿಂದೆ ತಾನೇ’ ಎಂಬ ಅವಳ ಲೆಕ್ಕಕ್ಕೂ ವೈದ್ಯರ ಲೆಕ್ಕಕ್ಕೂ ಇರುವ ಈ ಎರಡು ವಾರದ ಅಂತರ ಕಾನೂನಿನ ಮುಂದೆ ದುಬಾರಿಯಾಗುತ್ತದೆ.

ಗರ್ಭಪಾತದ ಕಾನೂನು 1971ರದ್ದು, ತಿದ್ದುಪಡಿ 2021ರದ್ದು. ನಿಗದಿತ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರದು ಬೇಕು, ಅದೂ ಅಪ್ರಾಪ್ತೆಯರನ್ನೂ ಒಳಗೊಂಡ ಕೆಲವು ವರ್ಗಗಳಿಗೆ ಮಾತ್ರ. 18 ತುಂಬದವಳಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಲೈಂಗಿಕ ಸಂಪರ್ಕಕ್ಕೆ ಅವಳ ಸಮ್ಮತಿಯನ್ನು ಒಪ್ಪುವುದಿಲ್ಲ, ಹಾಗಾಗಿ ವೈದ್ಯರು ಪೊಲೀಸರಿಗೆ ವರದಿ ಮಾಡಲೇಬೇಕು. ‘ಪೊಲೀಸ್ ಬರುತ್ತಾರೆ’ ಎಂಬ ಹೆದರಿಕೆಗೇ ಎಷ್ಟೋ ವಾರ ಕಳೆದುಹೋಗುತ್ತದೆ. ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ವರದಿಯಲ್ಲಿ ಅವಳ ಗುರುತು ಬರೆಯಬೇಕಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ತಪ್ಪದೆ ಬರೆದುಕೊಳ್ಳಿ.

ಮುಂದುವರಿದ ಗರ್ಭದಲ್ಲಿ ರಕ್ತಹೀನತೆ, ಗರ್ಭನಂಜು (ಗರ್ಭಿಣಿಗೆ ರಕ್ತದೊತ್ತಡ ಏರುವ ತೊಂದರೆ), ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಮಗು. ಇವು ಎಲ್ಲ ಪುಸ್ತಕದಲ್ಲೂ ಇವೆ.

ಒಂದು ಅಂಕಿ ಮಾತ್ರ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019–21ರಲ್ಲಿ ದೇಶದ 15–19 ವಯಸ್ಸಿನವರಲ್ಲಿ ಶೇ 6.8 ಮಂದಿ ತಾಯಂದಿರಾಗಿದ್ದರು ಅಥವಾ ಗರ್ಭಿಣಿಯರಾಗಿದ್ದರು. 2015–16ರಲ್ಲಿ ಶೇ 7.9. ಗರ್ಭಪಾತದಲ್ಲಿ ಮುಗಿದ ಗರ್ಭಗಳು ಈ ಲೆಕ್ಕದೊಳಗಿಲ್ಲ. ಸೆಮಿನಾರಿನಲ್ಲಿ ಇಳಿಕೆಯನ್ನು ಕೊಂಡಾಡುವಾಗ ಇದು ನೆನಪಿರಲಿ.

ನನ್ನ ಪ್ರಶ್ನಾವಳಿಯಿಂದ ವ್ಯಾಖ್ಯೆಗಳನ್ನು ತೆಗೆದೆ. ಈಗಿರುವುದು: ಮುಟ್ಟು ಹತ್ತು ದಿನ ತಡವಾದರೆ ಮೊದಲು ಯಾರಿಗೆ ಹೇಳುವೆ? ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ‘ಸ್ನೇಹ ಕ್ಲಿನಿಕ್’ನ ಫಲಕ ನೋಡಿದ್ದೀಯಾ? 1098 ಯಾರ ಸಂಖ್ಯೆ? (ಉತ್ತರ: ಮಕ್ಕಳ ಸಹಾಯವಾಣಿ.) ಇವೇ ಪ್ರಶ್ನೆಗಳನ್ನು ಸ್ವಲ್ಪ ಬದಲಿಸಿ ಹುಡುಗರಿಗೂ ಇಟ್ಟಿದ್ದೇನೆ. ಮೊನ್ನೆ ಈ ಪಾಠದ ಹೊತ್ತಿಗೆ ಅವರನ್ನು ಕಬಡ್ಡಿ ಆಡಲು ಕಳಿಸಿದ್ದರು.