ಮೂರು ವರ್ಷದ ಭಾನುವಾರಗಳನ್ನು ತಿಂದ ಸಂಖ್ಯೆ

ಚದುರಂಗದ ಮನೆಗಳಿಗೆ ಕಾಳು ಇಡುವ ಕಥೆ ಕೇಳಿರುತ್ತೀರಿ. ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು. 64 ಮನೆ ತುಂಬುವಷ್ಟರಲ್ಲಿ ರಾಜನ ಕಣಜ ಖಾಲಿ. ಮಣೆಯಲ್ಲಿ ಇನ್ನೂ ಮೂರು ಮನೆ ಇದ್ದಿದ್ದರೆ? ಒಟ್ಟು ಕಾಳು 14,75,73,95,25,89,67,64,12,927. ಅಂದರೆ 67 ಎರಡುಗಳನ್ನು ಗುಣಿಸಿ, ಒಂದು ಕಳೆದರೆ ಬರುವ 21 ಅಂಕಿಯ ಸಂಖ್ಯೆ.

ಇದು ಅವಿಭಾಜ್ಯ, ಯಾವುದರಿಂದಲೂ ಒಡೆಯಲು ಬರುವುದಿಲ್ಲ ಎಂದವರು ಫ್ರಾನ್ಸಿನ ಪಾದ್ರಿ ಮಾರಿನ್ ಮರ್ಸೆನ್. ಎಷ್ಟು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಅವಿಭಾಜ್ಯ ಬರುತ್ತದೆ ಎಂದು 1644ರಲ್ಲಿ ಅವರು ಕೊಟ್ಟ ಪಟ್ಟಿಯಲ್ಲಿ 67 ಇತ್ತು, ಪುರಾವೆ ಇರಲಿಲ್ಲ. ಆ ಪಟ್ಟಿಯಲ್ಲಿ ತಪ್ಪುಗಳೂ ಜಾಸ್ತಿಯೇ. 257 ಸುಮ್ನೆ ಸೇರಿಕೊಂಡಿತ್ತು. 61, 89, 107 ಬಿಟ್ಟುಹೋಗಿದ್ದವು.

67ರ ವಿಷಯ ಬಯಲಾದದ್ದು 232 ವರ್ಷ ಕಳೆದ ಮೇಲೆ. 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲುಕಾ ಇದು ಅವಿಭಾಜ್ಯ ಅಲ್ಲ ಎಂದು ತೋರಿಸಿದರು. ಆದರೆ ಒಂದೇ ಒಂದು ಅಪವರ್ತನವೂ ಅವರ ಕೈಗೆ ಸಿಕ್ಕಿರಲಿಲ್ಲ. ವಿಚಿತ್ರ, ಅಲ್ವಾ? ಬಾಗಿಲಲ್ಲಿ ಚಪ್ಪಲಿ ನೋಡಿ ಒಳಗೆ ನೆಂಟರು ಬಂದಿದ್ದಾರೆ ಎಂದ ಹಾಗೆ. ಯಾರು ಬಂದಿದ್ದಾರೋ ಗೊತ್ತಿಲ್ಲ.

ಆ ನೆಂಟರನ್ನು ಹೊರಗೆ ಕರೆತಂದವರು ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್ 31, ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆ. ಕೋಲ್ ಮಾತಾಡದೆ ಬೋರ್ಡಿನ ಹತ್ತಿರ ಹೋದರು. ಸೀಮೆಸುಣ್ಣ ಹಿಡಿದು 2ರ 67ನೇ ಘಾತವನ್ನು ಲೆಕ್ಕ ಹಾಕಿ, ಒಂದು ಕಳೆದರು. ಪಕ್ಕಕ್ಕೆ ಸರಿದು, 19,37,07,721 ಮತ್ತು 7,61,83,82,57,287 ಬರೆದು ಸಾಲುಸಾಲಾಗಿ ಗುಣಿಸಿದರು. ಎರಡೂ ಕಡೆ ಒಂದೇ ಉತ್ತರ. ಒಂದು ಮಾತೂ ಆಡದೆ ಹೋಗಿ ಕೂತರು. ಚಪ್ಪಾಳೆ. ಎಷ್ಟು ದಿನ ಹಿಡಿಯಿತು ಎಂದು ಆಮೇಲೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದರಂತೆ. ಈ ಕಥೆ ಹೇಳಿದ ಗಣಿತಜ್ಞ ಇ. ಟಿ. ಬೆಲ್ ಕಥೆಗೆ ಒಗ್ಗರಣೆ ಹಾಕುವುದರಲ್ಲಿ ಪಳಗಿದವರು. ಗುಣಾಕಾರದಲ್ಲಿ ಮಾತ್ರ ಒಗ್ಗರಣೆ ಇಲ್ಲ, ಬೇಕಾದರೆ ನೀವೇ ಮಾಡಿ ನೋಡಿ.

ಹುಡುಕುವುದಕ್ಕೆ ಒಂದು ಸುಳಿವು ಇತ್ತು. ಚಿಕ್ಕದರಲ್ಲಿ ನೋಡೋಣ. 11 ಎರಡುಗಳನ್ನು ಗುಣಿಸಿ ಒಂದು ಕಳೆದರೆ 2047. ಅದು 23 ಗುಣಿಸು 89. ಎರಡೂ 11ರ ಎರಡರಷ್ಟಾದ 22ರ ಮಗ್ಗಿಗೆ ಒಂದು ಕೂಡಿಸಿದವು: 22+1, 88+1. ಹಾಗೆಯೇ 67ಕ್ಕೆ 134ರ ಮಗ್ಗಿ. ಆ ಮಗ್ಗಿಯನ್ನು 14,45,580ನೇ ಸಾಲಿನವರೆಗೆ ಹೇಳಿ ಒಂದು ಕೂಡಿಸಿದರೆ 19,37,07,721 ಸಿಗುತ್ತದೆ. ಒಂದೊಂದೇ ಸಾಲು ನೋಡುತ್ತಾ ಕೂತರೆ ಆಯುಷ್ಯ ಸಾಲದು. ಹಾಗಾಗಿ ಕೋಲ್ ವರ್ಗಶೇಷಗಳ (ವರ್ಗಸಂಖ್ಯೆಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳ) ಲೆಕ್ಕದಿಂದ ಇನ್ನಷ್ಟು ಜರಡಿ ಹಿಡಿದರು.

ಇವತ್ತು ಈ ಸಂಖ್ಯೆಯನ್ನು ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದು ಹಾಕುತ್ತದೆ. ಆದರೆ ಅಂತರ್ಜಾಲದಲ್ಲಿ ಗುಟ್ಟು ಕಾಯಲು 1977ರಲ್ಲಿ ಹುಟ್ಟಿದ ಗುಪ್ತಲಿಪಿ ವಿಧಾನವಾದ ಆರ್‌ಎಸ್‌ಎ ನಂಬಿರುವುದು ಕೋಲ್ ಪಟ್ಟ ಪಾಡನ್ನೇ. ಅದರಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ ಸುಮಾರು 617 ಅಂಕಿ. ಅದು ಅವಿಭಾಜ್ಯ ಅಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಳಗಿರುವ ಇಬ್ಬರು ಯಾರು ಎಂಬುದು ಬೀಗದ ಒಡೆಯನಿಗೆ ಮಾತ್ರ.